ಎಂಟು ಸೆಕೆಂಡು ತಡ

"ನಿಲ್ಲಿಸೇ! ಬೆನ್ನಿಗೆ ಅಷ್ಟುದ್ದ ಬಿಟ್ರೆ ಮುಂಭಾಗಕ್ಕೆ ಬಟ್ಟೆ ಎಲ್ಲಿಂದ ತರ್ತೀಯ?"

ಟೈಲರ್ ಮಹಡಿಯ ಮಂಚದಿಂದ ಟಿವಿಯನ್ನು ನೋಡುತ್ತ ಕೂಗಿದ. ಟಿವಿಯೊಳಗೆ ಮಗಳ ಕತ್ತರಿ ಆಗಷ್ಟೇ ಬಾಯಿ ತೆರೆದಿತ್ತು.

"ಕತ್ತರಿಸಿ ಆಯ್ತಪ್ಪಾ!" ಎಂದು ಕೆಳಗಿನ ಅಂಗಡಿಯಿಂದ ಉತ್ತರ ಬಂತು.

ಅವನಿಗೆ ಮೈಯೆಲ್ಲ ಉರಿಯಿತು. ಸೊಂಟ ಮುರಿದುಕೊಂಡು ಮಲಗಿ ಇಪ್ಪತ್ತು ದಿನ. ಕತ್ತರಿಸುವ ಮೇಜು ಕಣ್ಣಿಗೆ ಬೀಳದಿದ್ದರೆ ಊಟ ಇಳಿಯುವುದಿಲ್ಲವೆಂದು ಹಟ ಹಿಡಿದದ್ದಕ್ಕೆ ಅಳಿಯ ಮೇಜಿನ ಮೇಲ್ಗಡೆ ಫೋನು ಕಟ್ಟಿದ್ದ. ಮೊದಲು ದಿನದ ಕೆಲಸವನ್ನೆಲ್ಲ ರೆಕಾರ್ಡ್ ಮಾಡಿ ಸಂಜೆ ಪೆನ್‌ಡ್ರೈವಿನಲ್ಲಿ ತಂದ. "ಹಳಸಿದ್ದನ್ನ ಬಡಿಸ್ತೀರೇನ್ರೀ?" ಎಂದು ಬೈಸಿಕೊಂಡ. ಆಮೇಲೆ ವೈಫೈ. ಚಿತ್ರ ತಾನಾಗಿ ಟಿವಿಗೆ ಬರುತ್ತಿತ್ತು, ಆದರೆ ಎಂಟು ಸೆಕೆಂಡು ತಡ. ಗೋಡೆಗೆ ತೂತು ಕೊರೆದು ವೈರು ಎಳೆದರೆ ಕ್ಷಣವೂ ತಡವಿಲ್ಲ ಎಂದಿದ್ದ.

"ಗೋಡೆ ಯಾಕೆ ಹಾಳು ಮಾಡ್ತೀರಿ? ವೈಫೈ ಸಾಕು," ಎಂದಿದ್ದವಳು ಮಗಳು. ಅವಳ ಕಿತಾಪತಿ ಟೈಲರನಿಗೆ ಈಗ ಹೊಳೆಯಿತು.

"ಅಳಿಯಂದ್ರೇ, ವೈರೇ ಎಳೀರಿ! ಇವಳ ಕೈ ನಾನು ಹಿಡೀಬೇಕು. ಈ ಕೋಟಿನ ಗಿರಾಕಿ, ಆ ಲೈಬ್ರರಿಯವರ ಅಳತೆ ಇಪ್ಪತ್ತು ವರ್ಷದಿಂದ ನನ್ನ ನಾಲಿಗೆ ತುದೀಲಿದೆ. ಇರೋದೊಂದು ತುಂಡು ಬಟ್ಟೆ, ಅದನ್ನೂ ಕೆಡಿಸಿದ್ಲು!"

ಮಗಳು ದಡದಡ ಮೆಟ್ಟಿಲು ಹತ್ತಿ ಬಂದಳು. ಕೊರಳಲ್ಲಿ ಟೇಪು, ಮೂಗಿನ ತುದಿಯಲ್ಲಿ ಸೀಮೆಸುಣ್ಣ.

"ಕೋಟು ಕೆಟ್ಟಿದ್ರೆ ವೈರು ಹಾಕ್ಸು. ನೀನು ಹೇಳಿದ ಕಡೇನೇ ಕತ್ತರಿಸ್ತೀನಿ, ಸಾಯೋವರೆಗೂ. ಕೆಡದಿದ್ರೆ ಬಾಯಿ ಮುಚ್ಕೊಂಡು ನೋಡ್ಬೇಕು. ಒಪ್ಪಿಗೇನಾ?"

"ಒಪ್ಪಿಗೆ ಕಣೇ. ನೋಡೇಬಿಡೋಣ!"

ಗುರುವಾರ ಲೈಬ್ರರಿಯವರು ಕೋಟು ಹಾಕಿ ನೋಡಲು ಬಂದರು. ಅಳಿಯ ಡ್ರಿಲ್ಲು, ವೈರಿನ ಸುರುಳಿ ಹಿಡಿದು ಮಂಚದ ಪಕ್ಕ ನಿಂತಿದ್ದ. ಟಿವಿಯಲ್ಲಿ ಅವರು ಮೇಜಿನ ಬಳಿ ಬಂದು ತಿರುಗಿದರು. ಬೆನ್ನು ಬಾಗಿತ್ತು. ಕೋಟು ಮಾತ್ರ ಹಿಂದೆ ಎತ್ತಿಕೊಳ್ಳದೆ, ಮುಂದೆ ಜೋಲದೆ ನೆಟ್ಟಗೆ ಕೂತಿತ್ತು.

"ಇವರಿಗೆ ಗೂನು ಯಾವಾಗ ಬಂತ್ರೀ?"

"ಎರಡು ವರ್ಷ ಆಯ್ತಂತೆ ಮಾವ. ನೀವು ಹೊಲಿದ ಹೋದ ವರ್ಷದ ಕೋಟು ಹಿಂದೆ ಎತ್ಕೊಂಡಿತ್ತಂತೆ. ನಿಮ್ಮ ಬಾಯಿಗೆ ಹೆದರಿ ಹೇಳಿರಲಿಲ್ಲ."

ಲೈಬ್ರರಿಯವರು ಹೋದರು. ಮಗಳು ಇನ್ನೊಂದು ಬಟ್ಟೆ ಹಾಸಿದಳು.

"ಎಲ್ಲಿ ಕೊರೀಲಿ ಮಾವ?"

ಕೆಳಗೆ ಕತ್ತರಿ ಮೇಜಿಗೆ ತಾಕುತ್ತ ನಡೆದ ಸದ್ದು ನೆಲದಿಂದ ಮಂಚಕ್ಕೆ ಬಂತು. ಟಿವಿಯಲ್ಲಿ ಅವಳಿನ್ನೂ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದಳು. ಗೆರೆ ತೋಳಿನ ಬಳಿ ಸೊಟ್ಟಗಾಯಿತೆಂದು ಅವನಿಗೆ ಅನ್ನಿಸಿತು. ಬಾಯಿ ತೆರೆದ, ಮುಚ್ಚಿದ.

"ಡ್ರಿಲ್ಲು ಆಚೆ ಇಡ್ರೀ, ಟಿವಿಗೆ ಅಡ್ಡ ಬರ್ತಿದೆ."

ಹೊದಿಕೆಯ ಮೇಲಿದ್ದ ಅವನ ತೋರುಬೆರಳು ಆ ಗೆರೆಯ ಹಿಂದೆಯೇ ಮೆಲ್ಲಗೆ ಬಾಗುತ್ತ ಹೋಯಿತು.