ಚಾಪೆಯ ಅಂಚು, ಬಲೆಯ ಗಂಟು

ಮದುವೆಯಾಗಿ ವಂಡ್ಸೆಯ ಬಾಡಿಗೆ ಮನೆಗೆ ಬಂದ ಪ್ರಫುಲ್ಲಾಳಿಗೆ ಸಮುದ್ರದ ಸದ್ದಿಲ್ಲದೆ ಮೊದಮೊದಲು ಕಿವಿ ಖಾಲಿ ಎನಿಸುತ್ತಿತ್ತು. ಗಂಗೊಳ್ಳಿ ಬಂದರಿನಲ್ಲಿ ಬಲೆ ರಿಪೇರಿ ಮಾಡುವ ಚಂದಯ್ಯನವರ ಮಗಳು ಅವಳು. ಅಪ್ಪನ ಪಕ್ಕ ಕೂತು ಬಲೆ ಹೆಣೆಯುತ್ತಲೇ ಬೆಳೆದವಳು. ಗಂಡ ಸುಶಾಂತ್ ಬೆಳಕು ಹರಿಯುವ ಮೊದಲೇ ಬಂದರಿನಿಂದ ಮೀನು ತಂದು, ಮೇಲಿನ ಊರುಗಳಲ್ಲಿ ಗಾಡಿಯಲ್ಲಿ ಮಾರಿಕೊಂಡು ಬರುತ್ತಿದ್ದ. ಅಲ್ಲಿಯವರೆಗೆ ಅವಳ ಜೊತೆಗಿದ್ದದ್ದು ಐದು ಸೆಂಟ್ಸ್ ಹಿತ್ತಲು, ಮತ್ತೆ ಏನು ಕಂಡರೂ ‘ಇದೆಂತ’ ಎಂದು ಕೇಳುವ ಚಾಳಿ.

ಕೇಳುವುದಕ್ಕೆ ಸಿಕ್ಕವರು ಪಕ್ಕದ ಮನೆಯ ಸುಂದರಿ. ಎಪ್ಪತ್ತು ದಾಟಿದ ಹೆಂಗಸು. ಮಗ ಸೊಸೆ ಗೇರುಬೀಜದ ಕಾರ್ಖಾನೆಗೆ ಹೊರಟ ಮೇಲೆ ಜಗಲಿಯಲ್ಲಿ ಕೂತು ಕೇದಗೆ ಜಾತಿಯ ಮುಂಡಕದ ಓಲೆಯಲ್ಲಿ ಚಾಪೆ ನೇಯುತ್ತಿದ್ದರು.

ಮಳೆ ಹಿಡಿದ ವಾರದಲ್ಲೇ ಪ್ರಫುಲ್ಲಾ ತೋಡಿನ ಬದಿಯ ಕೆಸುವಿನೆಲೆ ಕೊಯ್ದು ಪಲ್ಯ ಮಾಡಿದಳು. ಎರಡು ತುತ್ತಿಗೇ ಗಂಡ ಹೆಂಡತಿ ಇಬ್ಬರ ಗಂಟಲೂ ತುರಿಸತೊಡಗಿತು. ಸುಂದರಿ ಬಂದು ಪಾತ್ರೆ ಇಣುಕಿದರು.

“ಹುಳಿ ಹಾಕ್ಲಿಲ್ಯಾ ಹೆಣ್ಣೇ?”

“ಹಾಕ್ಕಾ ದೊಡ್ಡಮ್ಮ? ನಂಗೊತ್ತಿರ್ಲಿಲ್ಲೆ.”

“ಹುಳಿ ಇಲ್ದೆ ಕೆಸಿನ ಹತ್ರ ಹೋಪುಕಾಗ. ನಾಳೆ ನನ್ನೊಟ್ಟಿಗೆ ಬಾ, ಯಾವ್ದ್ ತಿಂಬುದ್, ಯಾವ್ದ್ ಬಿಡುದ್ ಅಂತ ತೋರ್ಸ್ತೆ.”

ಆ ಮಳೆಗಾಲ ಪೂರ್ತಿ ಅವಳು ಕೊಡೆ ಹಿಡಿದು ಅವರ ಹಿಂದೆ ಗುಡ್ಡೆ ಸುತ್ತಿದಳು. ಚಗಟೆ ಸೊಪ್ಪಿನ ಎಳೆ ಕುಡಿ ಯಾವುದು, ಬಿದಿರಿನ ಎಳೆ ಮೊಳಕೆ ಕಣಿಲೆಯನ್ನು ಎಷ್ಟು ದಿನ ನೀರು ಬದಲಿಸಿ ನೆನೆಹಾಕಬೇಕು, ಎಲ್ಲ ಕೇಳಿ ಕಲಿತಳು. ಮಳೆ ಬಿಟ್ಟ ಮೇಲೆ ಹಿತ್ತಲಲ್ಲಿ ಸಾಲು ತೆಗೆದು ಹರಿವೆ, ಅಲಸಂಡೆ, ಸೌತೆ ಹಾಕಿದಳು. ಮೀನು ತೊಳೆದ ನೀರನ್ನು ಬುಡಕ್ಕೆ ಹೊಯ್ಯುತ್ತಿದ್ದಳು. ಆ ಹರಿವೆಯ ದಂಟು ಕಂಡು ಸುಂದರಿಯೇ ಒಮ್ಮೆ ನಿಂತು ಮುಟ್ಟಿ ನೋಡಿದ್ದರು.

ಚಳಿ ಬಂದಾಗ ಓಲೆ ಕೊಯ್ಯುವ ಕೆಲಸ. ಮೂರು ಸಾಲು ಮುಳ್ಳು ಸವರಿ, ಸುರುಳಿ ಸುತ್ತಿ ಒಣಗಿಸಿ, ಒಂದೇ ಅಗಲಕ್ಕೆ ಸೀಳುವುದು ಅವಳಿಗೆ ಬೇಗ ಒಗ್ಗಿತು. ನೇಯ್ಗೆಯೂ ಬಂತು. ಬಾರದೆ ಉಳಿದದ್ದು ಅಂಚು. ಚಾಪೆಯ ತುದಿಗೆ ಬಂದೊಡನೆ ಸುಂದರಿಯ ಬೆರಳುಗಳು ಓಲೆಯನ್ನು ಮಡಚಿ ಒಳಗೆಲ್ಲೋ ತೂರಿಸಿಬಿಡುತ್ತಿದ್ದವು. ಕಣ್ಣು ಹಿಂಬಾಲಿಸುವಷ್ಟರಲ್ಲಿ ಮೂಲೆ ಮುಗಿದಿರುತ್ತಿತ್ತು.

“ಒಂಚೂರ್ ನಿಧಾನ ಮಾಡಿ ದೊಡ್ಡಮ್ಮ.”

“ನಿಧಾನ ಮಾಡ್ರೆ ಕೈಗೆ ಮರ್ತ್ ಹೋತ್ತ್. ನಾ ಎಂತ ಮಾಡ್ತಿದ್ದೆ ಅಂತ ನಂಗೂ ಗೊತ್ತಿಲ್ಲೆ.”

ಅವರು ಮುಚ್ಚಿಡುತ್ತಿದ್ದಾರೆ ಎಂದು ಪ್ರಫುಲ್ಲಾಳಿಗೆ ಸ್ವಲ್ಪ ಬೇಸರವೇ ಆಯಿತು. ಆದರೂ ಬಿಡಲಿಲ್ಲ. ಅವರ ಕೊಟ್ಟಿಗೆಯಲ್ಲಿ ಬಿದ್ದಿದ್ದ ಹರಕು ಚಾಪೆಯೊಂದನ್ನು ಕೇಳಿ ತಂದು, ಮೂಲೆಯಿಂದ ಒಂದೊಂದೇ ಓಲೆ ಬಿಚ್ಚಿದಳು. ಬಿಚ್ಚಿದ್ದನ್ನು ಅದೇ ಮಡಿಕೆಯಲ್ಲಿ ಮತ್ತೆ ಸೇರಿಸಿದಳು. ಐದು ದಿನ ಮಧ್ಯಾಹ್ನದ ನಿದ್ದೆ ಬಿಟ್ಟ ಮೇಲೆ ಮೂಲೆ ಒಂದು ಕೂತಿತು. ಸುಂದರಿ ಅದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಎಳೆದು ನೋಡಿ, “ಗಟ್ಟಿ ಇತ್ತ್” ಎಂದಷ್ಟೇ ಹೇಳಿದರು.

ಏಪ್ರಿಲಿನಲ್ಲಿ ಸೌತೆಕಾಯಿ ಹಣ್ಣಾಯಿತು. ಮಳೆಗಾಲಕ್ಕೆಂದು ಪ್ರಫುಲ್ಲಾ, ಸುಂದರಿ ಇಬ್ಬರೂ ತಂತಮ್ಮ ಮನೆಯಲ್ಲಿ ಬಾಳೆಯ ನಾರಿನಲ್ಲಿ ಕಟ್ಟಿ ಮಾಡಿನ ಪಕಾಸಿಗೆ ತೂಗುಹಾಕಿದರು. ವಾರದೊಳಗೆ ಪ್ರಫುಲ್ಲಾಳ ಮನೆಯಲ್ಲಿ ನಾರು ಹರಿದು ಎರಡು ಕಾಯಿ ನೆಲಕ್ಕೆ ಬಿದ್ದು ಒಡೆದವು. ಅವಳು ತವರಿನಿಂದ ತಂದಿದ್ದ ನೈಲಾನ್ ದಾರ ತೆಗೆದು ಒಂದೊಂದು ಕಾಯಿಗೂ ಪುಟ್ಟ ಬಲೆಚೀಲ ಹೆಣೆದಳು. ಒಡೆದ ಸೌತೆಯ ಹೋಳನ್ನು ಸಾರಿಗೆಂದು ಇಸಿದುಕೊಳ್ಳಲು ಬಂದ ಸುಂದರಿ ತಲೆ ಎತ್ತಿ ಮೇಲೆ ನೋಡಿದವರು ಹಾಗೇ ನಿಂತರು.

“ಇದೆಂತ ಗಂಟ್ ಹೆಣ್ಣೇ? ಜಾರುದೇ ಇಲ್ಲೆ ಅಲ್ದಾ. ತೋರ್ಸ್ ಕಾಂಬ.”

ಪ್ರಫುಲ್ಲಾ ದಾರ ಹಿಡಿದಳು. ಗಂಟು ಬಿತ್ತು. “ನಿಧಾನ” ಎಂದರು ಸುಂದರಿ. ನಿಧಾನ ಮಾಡಹೋದರೆ ಬೆರಳು ತಡವರಿಸಿತು. ದಾರ ಮೇಲಿನಿಂದ ಬರಬೇಕೋ ಕೆಳಗಿನಿಂದಲೋ ಅವಳಿಗೇ ತಿಳಿಯಲಿಲ್ಲ. ಹತ್ತನೇ ವಯಸ್ಸಿನಿಂದ ಹಾಕುತ್ತ ಬಂದ ಗಂಟು. ಅವಳ ಮುಖ ಬಿಸಿಯಾಯಿತು.

“ನಾನ್ ನಿಮ್ಮನ್ನ ತಪ್ಪ್ ತಿಳ್ಕಂಡಿದ್ದೆ ದೊಡ್ಡಮ್ಮ. ನೀವ್ ಬೇಕಂತ್ಲೇ ತೋರ್ಸುದಿಲ್ಲೆ ಅಂತ.”

ಸುಂದರಿ ಬೊಚ್ಚುಬಾಯಿ ಬಿಟ್ಟು ನಕ್ಕರು. “ಗೊತ್ತಿತ್ತ್ ನಂಗೆ. ನಿನ್ ಮುಖ ಕಂಡ್ರೆ ತಿಳಿತಿತ್ತ್. ನಿಂಗೆ ಈ ಗಂಟ್ ಕಲ್ಸಿದ್ದ್ ಯಾರ್?”

“ಅಪ್ಪ.”

“ಹಾಂಗಾರೆ ಅವ್ರ ಹತ್ರವೇ ಹೋಪ. ನಾ ಬಲೆ ಹೆಣೆವುದ್ ಕಂಡದ್ದೇ ಇಲ್ಲೆ.”

ಮೇ ಕೊನೆಯಲ್ಲಿ, ಮಳೆಗಾಲಕ್ಕೆಂದು ದೋಣಿಗಳು ಒಂದೊಂದಾಗಿ ದಡ ಸೇರುವಾಗ, ಇಬ್ಬರೂ ಬಸ್ಸು ಹತ್ತಿ ಗಂಗೊಳ್ಳಿಗೆ ಹೋದರು. ಚಂದಯ್ಯನವರು ಹರಡಿದ ಬಲೆಯ ನಡುವೆ ಕೂತಿದ್ದರು. ಚಾ ತರಿಸುತ್ತೇನೆ ಎಂದರೆ ಸುಂದರಿ ‘ಮತ್ತೆ ನೋಡುವ’ ಎಂದು, ಸೀರೆ ಎತ್ತಿಕಟ್ಟಿ ಅವರೆದುರು ಕೂತೇಬಿಟ್ಟರು.

“ಹ್ವಾಯ್, ಈ ಒಟ್ಟೆ ಎಂತದ್ರಿಂದ ಆದ್ದ್?” ಎಂದು ಬಲೆಯ ತೂತೊಂದನ್ನು ತೋರಿಸಿ ಕೇಳಿದರು.

“ಏಡಿ ಕಡ್ದದ್ದ್.”

“ಏಡಿಗೆ ಬಲೆ ಎಂತಕ್ಕೆ?”

“ಸಿಕ್ಕಿಬಿದ್ರೆ ಬಿಡ್ಸಿಕೊಂಬುಕಲ್ದಾ? ಅದ್ಕೂ ಜೀವ ಇತ್ತಲೆ.”

ಸುಂದರಿ ಒಟ್ಟೆಯೊಳಗೆ ಎರಡು ಬೆರಳು ತೂರಿಸಿ ಅಗಲ ಅಳೆದರು. ಚಂದಯ್ಯನವರು ಬಲೆಸೂಜಿಗೆ ಹೊಸ ದಾರ ಸುತ್ತಿ ಅವರ ಕೈಗೆ ಕೊಟ್ಟರು. ಮೊದಲ ಗಂಟು ಜಾರಿತು. ಎರಡನೆಯದೂ ಜಾರಿತು. ಮೂರು ಗಂಟೆಯ ಬಸ್ಸಿಗೆ ಹೊತ್ತಾಯಿತು ಎಂದು ಪ್ರಫುಲ್ಲಾ ಎದ್ದು ನಿಂತಳು.

“ಅದ್ ಹೋಯ್ಲಿ,” ಎಂದರು ಸುಂದರಿ, ಸೂಜಿಯಿಂದ ಕಣ್ಣೆತ್ತದೆ. “ನಾವ್ ಐದರದ್ದಕ್ಕೆ ಹೋಪ.”