ಕೆರೆದು ತೆಗೆದ ‘ಅ’

ಅಂಗಡಿಯಲ್ಲಿ ಅವಳನ್ನು ಎಲ್ಲರೂ ಚೀಟಿಯಕ್ಕ ಎಂದೇ ಕರೆಯುತ್ತಿದ್ದರು. ಗಾಜಿನ ಪೆಟ್ಟಿಗೆಯೊಳಗೆ ಮಖಮಲ್ಲಿನ ಮೇಲೆ ಕೂತ ಒಂದೊಂದು ದುಬಾರಿ ಕೈಗಡಿಯಾರದ ಪಕ್ಕದಲ್ಲೂ ಅದರ ಜರ್ಮನ್ ಹೆಸರು, ಕೆಳಗೆ ಕನ್ನಡದಲ್ಲಿ ಅದರ ಅರ್ಥ. ಅದನ್ನು ದಪ್ಪ ಚೀಟಿಯ ಮೇಲೆ ಮುತ್ತು ಪೋಣಿಸಿದಂತೆ ಬರೆದಿಡುವುದು ಅವಳ ಕೆಲಸ. ಕಾಲೇಜಿನಲ್ಲಿ ಎರಡು ವರ್ಷ ಆ ಭಾಷೆ ಓದಿದ್ದಳು. ‘ಔಗೆನ್‌ಬ್ಲಿಕ್’ ಎಂಬುದಕ್ಕೆ ‘ಕ್ಷಣ’ ಎಂದು ಬರೆದರೆ ಸಾಕಿತ್ತು. ಆದರೆ ಆ ಪದದೊಳಗೆ ‘ಔಗೆ’, ಅಂದರೆ ಕಣ್ಣು, ಇದೆಯಲ್ಲ ಎಂದು ‘ರೆಪ್ಪೆ ಬಡಿಯುವಷ್ಟು ಹೊತ್ತು’ ಎಂದು ಬರೆದು ಒಂದಿಡೀ ದಿನ ಖುಷಿಯಾಗಿದ್ದಳು. ‘ಹೈಮ್‌ಕೇರ್’ಗೆ ‘ಗೃಹಾಗಮನ’ ಎಂದು ಬರೆದು, ಯಾಕೋ ಆಹ್ವಾನ ಪತ್ರಿಕೆಯ ಹಾಗಿದೆ ಎನಿಸಿ, ಹರಿದು, ‘ಮನೆ ಸೇರುವುದು’ ಎಂದು ತಿದ್ದಿದ್ದಳು.

ಬರೆದ ಮೇಲೂ ಅವಳಿಗೆ ಸಮಾಧಾನವಿರುತ್ತಿರಲಿಲ್ಲ. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸಾಗುವವರ ಹಾಗೆ, ದಿನವೂ ಹೊರಡುವ ಮೊದಲು ಎಲ್ಲ ಚೀಟಿಗಳನ್ನೂ ಮತ್ತೆ ಓದುತ್ತಿದ್ದಳು. ಒಂದನ್ನು ಬಿಟ್ಟು. ಅದು ಅಲ್ಲಿರಲಿಲ್ಲ. ಐದು ವರ್ಷದ ಹಿಂದೆಯೇ ಗಡಿಯಾರದ ಜೊತೆ ಹೋಗಿತ್ತು.

ಆ ಗಡಿಯಾರದ ಹೆಸರು ‘ಉನ್‌ರೂ’. ಗಡಿಯಾರದ ಹೊಟ್ಟೆಯಲ್ಲಿ ಅತ್ತಿತ್ತ ಓಲಾಡುತ್ತಲೇ ಇರುವ ಪುಟ್ಟ ಚಕ್ರವನ್ನು ಜರ್ಮನ್ನರು ಕರೆಯುವುದೇ ಹಾಗೆ. ‘ರೂಹೆ’ ಎಂದರೆ ಶಾಂತಿ. ಮುಂದೆ ‘ಉನ್’ ಬಂದರೆ ಅದು ಇಲ್ಲದಿರುವುದು. ಕನ್ನಡಕ್ಕೆ ತರಲು ಒದ್ದಾಡಬೇಕಾಗಿಯೇ ಇರಲಿಲ್ಲ. ‘ಅಶಾಂತಿ’ ಎಂದು ಬರೆದಳು.

ಯಜಮಾನರು ಓದಿ ಹಣೆ ಚಚ್ಚಿಕೊಂಡರು. “ಅಲ್ಲಮ್ಮಾ, ಇಷ್ಟು ದುಡ್ಡು ಕೊಟ್ಟು ಯಾರಾದ್ರೂ ಅಶಾಂತಿ ಕೈಗೆ ಕಟ್ಕೋತಾರಾ? ಅದು ಮನೇಲೇ ಪುಕ್ಕಟೆ ಸಿಗುತ್ತೆ. ಒಂದಕ್ಷರ ತೆಗ್ದುಬಿಡು. ಯಾರಪ್ಪನ ಗಂಟು ಹೋಗುತ್ತೆ?”

ಅವಳು ಬ್ಲೇಡಿನಿಂದ ‘ಅ’ ಕೆರೆದಳು. ಹೆಬ್ಬೆರಳ ಉಗುರಿನಿಂದ ಉಜ್ಜಿ ನಯ ಮಾಡಿದಳು. ‘ಶಾಂತಿ’ ಉಳಿಯಿತು. ಮೂರೇ ದಿನದಲ್ಲಿ ತೆಳ್ಳಗಿನವರೊಬ್ಬರು ಬಂದು, ಚೀಟಿಯನ್ನು ಎರಡು ಸಲ ಓದಿ, “ನಂಗೆ ಇದೇ ಬೇಕಿತ್ತು” ಎಂದು ಕೊಂಡುಹೋದರು. ಚೀಟಿಯನ್ನೂ ಕೇಳಿ ಪಡೆದರು.

ಈಗ, ಒಂದು ಮಧ್ಯಾಹ್ನ, ಅವಳು ಊಟದ ಡಬ್ಬಿ ಮುಚ್ಚುವ ಹೊತ್ತಿಗೆ, ಹೆಂಗಸೊಬ್ಬರು ಬಂದು ಅದೇ ಗಡಿಯಾರವನ್ನು ಕೌಂಟರಿನ ಮೇಲಿಟ್ಟರು.

“ಇದನ್ನ ನಿಲ್ಲಿಸಿಕೊಡಿ.”

“ನಿಂತಿದ್ದನ್ನ ಓಡ್ಸೋದು ನನ್ನ ಕಸುಬು ತಾಯಿ. ನಿಲ್ಸೋಕಾದ್ರೆ ಮನೇಲಿ ಸುತ್ತಿಗೆ ಇರ್ಲಿಲ್ವಾ?” ಮೂಲೆಯ ಮೇಜಿನಿಂದ ರಿಪೇರಿಯ ಮುದುಕ ನಕ್ಕ. ಸದಾ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿರುವ ಅವನನ್ನು ಅಂಗಡಿಯವರು ಭೂತಜ್ಜ ಎನ್ನುತ್ತಿದ್ದರು.

ಹೆಂಗಸು ನಗಲಿಲ್ಲ. “ನಮ್ಮನೆಯವರು ಹೋಗಿ ಎಂಟು ತಿಂಗಳಾಯ್ತು. ಅವತ್ತಿಂದ ಯಾರೂ ಕೀ ಕೊಟ್ಟಿಲ್ಲ. ಬೀರುವಿನಲ್ಲಿ ಹಳೇ ಬಟ್ಟೆ ಸುತ್ತಿ ಇಟ್ಟಿದೀನಿ. ಆದ್ರೂ ಓಡ್ತಾನೇ ಇದೆ.”

ಭೂತಜ್ಜ ಹಿಂಬದಿ ಬಿಚ್ಚಿದ. ಅವನ ನಗು ಹಾಗೇ ಆರಿತು. “ಸ್ಪ್ರಿಂಗೇ ತುಂಡಾಗಿದೆಯಲ್ಲಮ್ಮ. ಇದು ಓಡೋಕೆ ಸಾಧ್ಯಾನೇ ಇಲ್ಲ. ನೋಡಿ, ಚಕ್ರ ಅಲ್ಲಾಡ್ತಿಲ್ಲ.”

ಚಕ್ರ ಅಲ್ಲಾಡುತ್ತಿರಲಿಲ್ಲ, ನಿಜ. ಆದರೆ ಚೀಟಿಯಕ್ಕನಿಗೂ ಕೇಳುತ್ತಿತ್ತು. ಸುತ್ತಲೂ ನಲವತ್ತು ಗಡಿಯಾರಗಳು ಟಿಕ್ ಟಿಕ್ ಎನ್ನುತ್ತಿದ್ದವು. ಇದರ ಸದ್ದು ಬೇರೆ. ಉಗುರಿನಿಂದ ಕಾಗದ ಉಜ್ಜಿದ ಹಾಗೆ.

“ಆಸ್ಪತ್ರೇಲಿ ಇದನ್ನ ಕಿವಿಗೆ ಹಿಡ್ಕೊಂಡೇ ಇರೋರು,” ಹೆಂಗಸು ಹೇಳಿದರು. “‘ಶಾಂತಿ ಅಂತ ಹೆಸರು ನೋಡಿ ತಂದೆ ಕಣೇ, ಒಂದು ದಿನಾನೂ ಸಿಗ್ಲಿಲ್ವಲ್ಲ’ ಅನ್ನೋರು. ನಾನು ಮೊದ್ಲಿಂದ ಬಾಯಿಬಡುಕಿ. ಅವರು ಶಾಂತೀನ ಮನೆಗೆ ತಂದ್ರೂ ನಾನು ಇರಗೊಡ್ಲಿಲ್ಲ ಅಂತ ಆಯ್ತಲ್ಲ. ಅದೇ ಕೊರಗು ನಂಗೆ.” ಕೈಚೀಲದಿಂದ ಚೀಟಿ ತೆಗೆದರು. “ಹೋಗೋ ಹಿಂದಿನ ದಿನ ಇದನ್ನ ತಡವಿ ತಡವಿ, ‘ಇಲ್ಲೇನೋ ಒರಟಾಗಿದೆ, ಅಂಗಡೀಲಿ ಕೇಳು’ ಅಂದ್ರು. ಏನಿತ್ತು ಇಲ್ಲಿ?”

“ಕಾಗದ ಹಳೇದಾದ್ರೆ ಹಂಗೇ ಆಗುತ್ತೆ ತಾಯಿ,” ಒಳಗಿನಿಂದ ಯಜಮಾನರ ದನಿ ತಟ್ಟನೆ ಬಂತು.

ಹೂಂ ಎಂದರೆ ಮುಗಿಯುತ್ತಿತ್ತು. ಚೀಟಿಯಕ್ಕ ಭೂತಜ್ಜನ ಕಣ್ಣಿನಿಂದ ಭೂತಗನ್ನಡಿ ಬಿಡಿಸಿಕೊಂಡು ಹೆಂಗಸಿನ ಕೈಗಿತ್ತಳು. ಗಾಜಿನ ಕೆಳಗೆ, ಚೀಟಿಯ ಕಿತ್ತುಹೋದ ನಾರುಗಳ ನಡುವೆ, ಬೂದಿಬಣ್ಣದ ಒಂದು ಸುರುಳಿ ಎದ್ದು ಕಂಡಿತು.

“ಅಲ್ಲೊಂದು ‘ಅ’ ಇತ್ತು. ಅದರ ಹೆಸರು ಅಶಾಂತಿ. ನಾನೇ ಕೆರೆದೆ.”

ಹೆಂಗಸು ಗಾಜನ್ನು ಆ ಸುರುಳಿಗೆ ಇನ್ನಷ್ಟು ಹತ್ತಿರ ಹಿಡಿದರು. ಕೆನ್ನೆಗೆ ಬೀಳುತ್ತದೆ ಎಂದು ಚೀಟಿಯಕ್ಕ ಕಾದಳು.

“ಹಾಗಾದ್ರೆ ನಾನಲ್ಲ,” ಎಂದರು ಹೆಂಗಸು, ತಮಗೆ ತಾವೇ. ಆಮೇಲೆ ಗಟ್ಟಿಯಾಗಿ, “ನಾನಲ್ಲ! ಪಾಪ, ಅದು ತನ್ನ ಹೆಸರು ಹೇಳ್ಕೋತಾ ಇತ್ತು ಅಷ್ಟೇ.” ಕಣ್ಣೊರೆಸಿಕೊಂಡು ಚೀಟಿ ಮುಂದೆ ತಳ್ಳಿದರು. “ಬರೀರಿ ಅದನ್ನ ವಾಪಸ್.”

ಬರೆದಳು. ಕೆರೆದ ಜಾಗವಲ್ಲವೇ, ಶಾಯಿ ಹರಡಿ ‘ಅ’ ಊದಿಕೊಂಡಿತು.

ಭೂತಜ್ಜ ಹಿಂಬದಿ ಮುಚ್ಚಿ ಕೊಟ್ಟ ಗಡಿಯಾರವನ್ನು ಹೆಂಗಸು ಕಿವಿಗಿಟ್ಟರು. ಮುಖ ಅರಳಿತು. “ನಿಂತೋಯ್ತು! ನೀವೂ ಕೇಳಿ.”

ಚೀಟಿಯಕ್ಕನ ಕಿವಿಗೆ ಲೋಹ ತಣ್ಣಗೆ ತಾಗಿತು. ಒಳಗೆ ಅದು ಕೆರೆಯುತ್ತಲೇ ಇತ್ತು, ಮೊದಲಿಗಿಂತ ಚುರುಕಾಗಿ. ಹೆಂಗಸು ಅವಳ ಬಾಯನ್ನೇ ನೋಡುತ್ತಿದ್ದರು, ತೀರ್ಪು ಕಾಯುವವರ ಹಾಗೆ.

“ಹೌದಮ್ಮ,” ಎಂದಳು. “ನಿಂತಿದೆ.”

ಹೆಂಗಸು ಹಗುರಾಗಿ ಮೆಟ್ಟಿಲಿಳಿದು, ರಸ್ತೆ ದಾಟಿ, ಬಸ್ಸು ಹತ್ತಿದ್ದು ಗಾಜಿನಾಚೆ ಕಂಡಿತು. ಗಡಿಯಾರ ಅವರ ಚೀಲದಲ್ಲೇ ಇತ್ತು. ಬಸ್ಸು ತಿರುವಿನಲ್ಲಿ ಮರೆಯಾದರೂ ಉಜ್ಜುವ ಆ ಸದ್ದು ಅಂಗಡಿಯಲ್ಲೇ ಉಳಿದಿತ್ತು.

“ಅಜ್ಜಾ, ಇನ್ನೂ ಕೇಳ್ತಿದೆಯಾ ನಿಮಗೆ?”

“ಏನು?” ಎಂದ ಭೂತಜ್ಜ.

ಅವಳು ತನ್ನ ಹೆಬ್ಬೆರಳ ಉಗುರನ್ನು ನೋಡಿಕೊಂಡಳು. ಅದು ಕೌಂಟರಿನ ಮೇಲೆ ಸುಮ್ಮನೆ ಬಿದ್ದುಕೊಂಡಿತ್ತು, ಏನನ್ನೂ ಉಜ್ಜುತ್ತಿರಲಿಲ್ಲ.