ಹುಲಿಗೆಮ್ಮನ ಎಡಗಾಲು

ನಾನು ಒಂದು ಕಾಲು. ಹೊಸಪೇಟೆಯ ಕಲ್ಯಾಣ ಮಂಟಪವೊಂದರಲ್ಲಿ ನಡೆದ ಉಚಿತ ಶಿಬಿರದಲ್ಲಿ ಹುಟ್ಟಿದೆ. ಪ್ಲಾಸ್ಟಿಕ್ ಕೊಳವೆಯನ್ನು ಕಾಯಿಸಿ, ಅಚ್ಚಿನ ಮೇಲೆ ಎಳೆದು, ತುದಿಗೆ ರಬ್ಬರಿನ ಪಾದ ಜೋಡಿಸಿದರು. ಆ ಅಚ್ಚು ಹುಲಿಗೆಮ್ಮನ ಮೊಣಕಾಲಿನದು. ಅಕ್ಕಿ ಗಿರಣಿಯ ಬೆಲ್ಟಿಗೆ ಸೀರೆ ಸಿಕ್ಕಿ ಅವಳ ಎಡಗಾಲು ಹೋಗಿತ್ತು.

ನನ್ನನ್ನು ಮೊದಲ ಸಲ ನೋಡಿದಾಗ ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು. "ಇದಕ್ಕ ಕಾಲುಂಗುರ ಹಾಕ್ಬೋದೇನ್ರಿ?" ಎಂದು ಕೇಳಿದಳು. ಶಿಬಿರದವರೆಲ್ಲ ನಕ್ಕರು. ಪಕ್ಕದಲ್ಲಿ ಕೂತಿದ್ದ ಅವಳ ಅಕ್ಕ ದೇವಮ್ಮ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹುಲಿಗೆಮ್ಮನ ಊರು ಗಂಗಾವತಿಯ ಆಚೆ, ದೊಡ್ಡ ಕಾಲುವೆಯ ಬದಿಯಲ್ಲಿತ್ತು. ನಾನು ಬಂದ ಮೇಲೆ ಅವಳು ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿಯ ಬಂಡಿ ಇಟ್ಟಳು. ದಿನವಿಡೀ ನಿಂತೇ ಇರುತ್ತಿದ್ದಳು. ಕಾದ ಎಣ್ಣೆಯ ಹನಿ ನನ್ನ ಮೇಲೆ ಸಿಡಿದರೆ, "ನಿನಗರ ನೋವಿಲ್ಲ ಬಿಡು" ಎನ್ನುತ್ತಿದ್ದಳು.

ಅವಳು ನಿಂತದ್ದು ಗಂಡ ಯಂಕೋಬನಿಗೆ ಸೇರಲಿಲ್ಲ. ಅವನು ಲಾರಿ ಓಡಿಸುತ್ತಿದ್ದ; ವಾರಗಟ್ಟಲೆ ಊರಲ್ಲಿರುತ್ತಿರಲಿಲ್ಲ. ಬಂದಾಗಲೆಲ್ಲ ಬಂಡಿಗೆ ಯಾರು ಬಂದಿದ್ದರು, ಯಾರ ಜೊತೆ ನಕ್ಕೆ ಎಂದು ಕೇಳುತ್ತಿದ್ದ. "ಕಾಲು ಬಂದಮ್ಯಾಲೆ ನಿನಗ ಸೊಕ್ಕು ಬಂತು" ಎಂದು ಒಮ್ಮೆ ನನ್ನನ್ನೇ ಎತ್ತಿ ಗೋಡೆಗೆ ಬಡಿದ. ಅಂದಿನಿಂದ ಲಾರಿಯ ಹಾರನ್ ಕೇಳಿದರೆ ಸಾಕು, ನನ್ನೊಳಗೆ ಅವಳ ಮೊಣಕಾಲು ನಡುಗುವುದು ತಿಳಿಯುತ್ತಿತ್ತು.

ಆ ಪೆಟ್ಟಿಗೆ ನನ್ನ ಬೆಲ್ಟಿನ ಹೊಲಿಗೆ ಬಿಟ್ಟಿತ್ತು. ಕೊನೆಗೆ ಅದು ಕಿತ್ತೇ ಹೋಯಿತು. ತಂಗಿಯನ್ನು ನೋಡಲು ಬಂದಿದ್ದ ದೇವಮ್ಮ ನನ್ನನ್ನು ಟವೆಲಿನಲ್ಲಿ ಸುತ್ತಿ, ರಿಪೇರಿಗೆಂದು ಹೊಸಪೇಟೆಗೆ ಒಯ್ದಳು. ಅಲ್ಲೇ ಅವಳ ಮನೆ. ಯಂಕೋಬ ಆಗ ಲೋಡು ತೆಗೆದುಕೊಂಡು ಹೋಗಿದ್ದ. ಹುಲಿಗೆಮ್ಮ ಊರುಗೋಲು ಹಿಡಿದು ಬಾಗಿಲಲ್ಲಿ ನಿಂತು, "ಲಗೂನ ತಂದ್‌ಬಿಡಕ್ಕ, ಭಜಿ ಗಿರಾಕಿ ಬ್ಯಾರೆ ಕಡೆ ಹೊಕ್ಕಾರ" ಎಂದಳು. ನಾನು ಕೇಳಿದ ಅವಳ ಕೊನೆಯ ಮಾತು ಅದು.

ಹೊಸ ಬೆಲ್ಟು ಬಿತ್ತು. ದೇವಮ್ಮ ಫೋನ್ ಮಾಡಿದಳು, ಸ್ವಿಚ್ ಆಫ್. ಮತ್ತೆ ಮಾಡಿದಳು. ಮರುದಿನವೂ ಅದೇ. ನನ್ನನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲೆ ಒತ್ತಿ ಹಿಡಿದಿದ್ದಳು.

ಮನೆಯ ಕಟ್ಟೆಯ ಮೇಲೆ ಯಂಕೋಬ ಕೂತಿದ್ದ. ಸುತ್ತ ಓಣಿಯವರು ನಿಂತಿದ್ದರು.

"ಏನ್ ಹೇಳ್ಲಿ ಅಕ್ಕ, ಜಗಳಾಡಿ ಹೋಗ್ಯಾಳ. ಎಲ್ಲಿಗೆ ಅಂತ ಹೇಳಿಲ್ಲ."

"ಹೆಂಗ ಹೋದ್ಲಪ?"

"ಹೆಂಗ ಅಂದ್ರ? ಕಾಲು ಹಾಕ್ಯಂಡು ನಡ್ಕೊಂತ ಹೋದ್ಲು. ಬಸ್‌ಸ್ಟ್ಯಾಂಡ್ ಕಡೆ ಹೊಂಟಿದ್ದು ನಾನ ಕಣ್ಣಾರೆ ನೋಡೀನಿ."

ದೇವಮ್ಮನ ಬೆರಳುಗಳು ಚೀಲದ ಮೇಲಿಂದಲೇ ನನ್ನನ್ನು ಬಿಗಿಯಾಗಿ ಹಿಡಿದವು. ನಾನು ಇಲ್ಲಿದ್ದೇನೆ ಎಂದು ಕೂಗಬೇಕೆನಿಸಿತು. ಕೂಗಿದರೆ ಅವನು ಏನು ಮಾಡುತ್ತಾನೋ ಎಂಬ ಭಯವೂ ಆಯಿತು. ದೇವಮ್ಮ ನೀರು ಕೂಡ ಕುಡಿಯಲಿಲ್ಲ. "ಆತು, ಬರ್ತಾಳ ಬಿಡು" ಎಂದು ಹೇಳಿ ನಿಧಾನವಾಗಿ ಓಣಿ ದಾಟಿದಳು. ತಿರುವಿನಾಚೆ ಹೋದ ಮೇಲೆ ಓಡತೊಡಗಿದಳು.

ಪೊಲೀಸ್ ಠಾಣೆಯಲ್ಲಿ ನನ್ನನ್ನು ಮೇಜಿನ ಮೇಲೆ ಇಟ್ಟಳು. "ನನ್ನ ತಂಗಿ ಕಾಲು ಹಾಕ್ಯಂಡು ಹೋಗ್ಯಾಳಂತ್ರಿ. ಆಕೀ ಕಾಲು ಇಲ್ಲೈತಿ. ನಾಕು ದಿನದಿಂದ ನನ್ನ ಹತ್ರಾನ ಐತಿ."

ಸಬ್ ಇನ್ಸ್‌ಪೆಕ್ಟರು ಕುಡಿಯುತ್ತಿದ್ದ ಚಹಾ ಕೆಳಗಿಟ್ಟರು.

ಆಮೇಲೆ ಯಂಕೋಬ ಮಾತು ಬದಲಿಸಿದ. ಊರುಗೋಲು ಹಿಡಿದು ಹೋಗಿದ್ದಳು, ಕತ್ತಲಲ್ಲಿ ಸರಿಯಾಗಿ ಕಂಡಿರಲಿಲ್ಲ ಎಂದ. ಆದರೆ ಊರುಗೋಲು ಅರ್ಧ ಸುಟ್ಟು ಬಚ್ಚಲ ಒಲೆಯಲ್ಲಿತ್ತು. ಲಾರಿಯ ಕ್ಯಾಬಿನ್ನಿನ ಹಾಸಿಗೆಯಡಿ ರಕ್ತ ಸಿಕ್ಕಿತು. ದೇವಮ್ಮನ ರಕ್ತದ ಜೊತೆ ಹೋಲಿಸಿ ನೋಡಿದಾಗ ಅದು ಅವಳ ಒಡಹುಟ್ಟಿದವಳದೇ ಎಂದು ಗೊತ್ತಾಯಿತು. ಕಾಲುವೆಯಲ್ಲಿ ಮುಳುಗುತಜ್ಞರು ಹುಡುಕಿದರು. ಹುಲಿಗೆಮ್ಮ ಸಿಗಲಿಲ್ಲ.

ನನಗೆ ಚೀಟಿ ಕಟ್ಟಿ, ಅರಗು ಹಾಕಿ, ಬಟ್ಟೆಯಲ್ಲಿ ಹೊಲಿದರು. ಮುದ್ದೆಮಾಲು, ಅಂದರೆ ಸಾಕ್ಷಿಯ ವಸ್ತು, ಎಂಬ ಹೊಸ ಹೆಸರು ಬಂತು. ಕುಡುಗೋಲು, ಕಳ್ಳಬಟ್ಟಿಯ ಕೊಡ, ಯಾರದೋ ಸೈಕಲ್ಲುಗಳ ನಡುವೆ ಠಾಣೆಯ ಕೋಣೆಯಲ್ಲಿ ಬಿದ್ದಿದ್ದೆ. ಬಾಗಿಲು ತೆರೆದಾಗಲೆಲ್ಲ, ಅವಳು ಬದುಕಿ ಬಂದಳೇ, ನನ್ನನ್ನು ಕೇಳಿದಳೇ ಎಂದು ಎದೆ ಡವಗುಟ್ಟುತ್ತಿತ್ತು. ಕಾಲಿಗೆ ಎದೆಯಿಲ್ಲ ಎನ್ನುವವರು ಎನ್ನಲಿ.

ವಿಚಾರಣೆಯ ದಿನ ನನ್ನನ್ನು ಬಿಚ್ಚಿ ನ್ಯಾಯಾಧೀಶರ ಮುಂದೆ ಇಟ್ಟರು. ಯಂಕೋಬನ ವಕೀಲರು ದೇವಮ್ಮನನ್ನು ಕೇಳಿದರು: "ಮಿರಜ್‌ನಲ್ಲಿ ಕುಂಟ ಹೆಂಗಸೊಬ್ಬಳನ್ನು ಕಂಡೆವು ಅಂತ ಯಾರೋ ಹೇಳಿದಾಗ ನೀವು ಅಲ್ಲಿಗೆ ಹೋಗಿದ್ದಿರಿ, ಹೌದಾ?"

"ಹೌದ್ರಿ."

"ಗುಂತಕಲ್ಲಿಗೂ ಹೋಗಿದ್ದಿರಿ. ಅಂದರೆ ನಿಮ್ಮ ತಂಗಿ ಬದುಕಿದ್ದಾಳೆ ಅಂತ ನೀವೇ ನಂಬಿದ್ದೀರಿ."

ತಂಗಿ ಸತ್ತಿದ್ದಾಳೆ ಎಂಬ ಮಾತನ್ನು ದೇವಮ್ಮ ಅದುವರೆಗೆ ಯಾರೆದುರೂ ಆಡಿರಲಿಲ್ಲ. ಪೊಲೀಸರು ಬರೆದುಕೊಟ್ಟದ್ದಕ್ಕೆ ಹೆಬ್ಬೆಟ್ಟು ಒತ್ತಿದ್ದಳು, ಅಷ್ಟೆ. ಈಗ ಅವಳು ನನ್ನ ಕಡೆ ನೋಡಿದಳು.

"ಮನಸು ಕೇಳಂಗಿಲ್ರಿ, ಅದಕ್ಕ ಹೋದೆ" ಎಂದಳು. "ಆಕಿ ಬದುಕಿದ್ರ ನನಗ ಫೋನ್ ಮಾಡದ ಒಂದಿನ ಇರ್ತಿರ್ಲಿಲ್ಲ. ನನ್ನ ತಂಗಿ ಇಲ್ಲ. ಸತ್ತಾಳ್ರಿ ಆಕಿ. ಈತನ ಕೊಂದಾನ."

ಹೇಳಿದವಳೇ ಕಟಕಟೆಯ ಕಟ್ಟಿಗೆ ಹಿಡಿದುಕೊಂಡು ಕುಸಿದಳು.

ಹೆಣ ಸಿಗಲಿಲ್ಲವೆಂಬ ಮಾತ್ರಕ್ಕೆ ಕೊಲೆ ನಡೆದಿಲ್ಲ ಎನ್ನಲಾಗದು ಎಂದು ನ್ಯಾಯಾಧೀಶರು ಓದಿದರು. ಯಂಕೋಬನಿಗೆ ಜೀವಾವಧಿಯಾಯಿತು. ಹೊರಗೆ ಕರೆದೊಯ್ಯುವಾಗ ದೇವಮ್ಮ ಅಡ್ಡ ನಿಂತು ಕೈಮುಗಿದಳು. "ಶಿಕ್ಷೆ ಆತಲ್ಲಪ. ಇನ್ನರ ಹೇಳು, ಎಲ್ಲಿ ಹಾಕಿದಿ ಆಕೀನ?" ಅವನು ಅವಳ ತಲೆಯ ಮೇಲಿಂದ ಎತ್ತಲೋ ನೋಡಿದ. ಪೊಲೀಸರು ಅವನನ್ನು ವ್ಯಾನಿಗೆ ಹತ್ತಿಸಿದರು.

ಮೇಲ್ಮನವಿಯೂ ಬಿದ್ದುಹೋದ ಮೇಲೆ ನನ್ನನ್ನು ದೇವಮ್ಮನಿಗೆ ಕೊಟ್ಟರು. ಈಗ ಅವಳ ಮನೆಯ ಮೂಲೆಯಲ್ಲಿ ಒರಗಿದ್ದೇನೆ. ರಬ್ಬರು ಬಿರಿದಿದೆ. ನನ್ನನ್ನೇ ಮಣ್ಣು ಮಾಡಿ ಕಾರ್ಯ ಮುಗಿಸೆಂದು ನೆಂಟರು ಹೇಳುತ್ತಾರೆ. ಅವಳು ಒಪ್ಪುವುದಿಲ್ಲ.

ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸುತ್ತಾರೆ. ಆಗ ದೇವಮ್ಮ ಅಲ್ಲಿಗೆ ಹೋಗಿ ಕೆಳಗಿಳಿದು, ಒಣಗಿದ ಕೆಸರಿನಲ್ಲಿ ಕೋಲಿನಿಂದ ಕೆದಕುತ್ತ ನಡೆಯುತ್ತಾಳಂತೆ. ಇವತ್ತೂ ಹೋಗಿದ್ದಾಳೆ. ನಾನು ಬಾಗಿಲಿನ ಕಡೆ ನೋಡುತ್ತ ಇದ್ದೇನೆ. ಅವಳು ಬರಿಗೈಯಲ್ಲಿ ಬಂದರೆ ಸಮಾಧಾನವಾಗುತ್ತದೋ ಸಂಕಟವಾಗುತ್ತದೋ ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ. ಹೊರಗೆ ಚಪ್ಪಲಿ ಬಿಡುವ ಸದ್ದು ಕೇಳುತ್ತಿದೆ.